ಜಾಫ್ನಾಕ್ಕೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಟೊರಾಂಟೊ ಬಿಟ್ಟು ಶ್ರೀಲಂಕಾದ ಜಾಫ್ನಾದಲ್ಲೇ ಇರ್ತೀನಿ ಎಂದು ನೀನು ಹೇಳಿದಾಗಿನಿಂದ ನಿನ್ನಮ್ಮನಿಗೆ ನಿದ್ದೆಯಿಲ್ಲ. ನನಗಂತೂ ನೀನು ಹೋಗುವುದೇ ಸರಿ ಅನ್ನಿಸುತ್ತದೆ. ಅಪ್ಪನ ಊರು, ನೀನು ಹುಟ್ಟಿದ ಊರು ಅಲ್ವಾ?

ಜಾಫ್ನಾ ಪಕ್ಕದ ಕೊಕ್ಕುವಿಲ್‌ನಲ್ಲಿರುವ ನಿಮ್ಮ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಮನೆಪತ್ರ ನಿಮ್ಮಪ್ಪನ ಹೆಸರಿನಲ್ಲಿದೆ, ನಿಜ. ಆದರೆ ಅವರು ಸುಮ್ನೆ ಬಂದು ಸೇರಿಕೊಂಡವರಲ್ಲ. ಅವರದು ಪಲಾಲಿ ಹತ್ತಿರದ ಮೀನುಗಾರರ ಊರು ಮಯಿಲಿಟ್ಟಿ ಎಂದು ನಿನ್ನ ಅತ್ತೆ ಹೇಳಿದ್ದಳು. 1990ರಲ್ಲಿ ಪಲಾಲಿ ವಿಮಾನ ನಿಲ್ದಾಣದ ಸುತ್ತಲಿನ ಹಳ್ಳಿಗಳು ಖಾಲಿಯಾದವು, ಆಮೇಲೆ ಸೇನೆ ಬೇಲಿ ಹಾಕಿತು. ಸೇನೆ ಮತ್ತು ಎಲ್‌ಟಿಟಿಇ ನಡುವಿನ ಯುದ್ಧ 2009ರಲ್ಲೇ ಮುಗಿದರೂ ಮಯಿಲಿಟ್ಟಿಯ ಮೀನುಗಾರರಿಗೆ ಅವರ ಬಂದರು ವಾಪಸ್ ಸಿಕ್ಕಿದ್ದು 2017ರಲ್ಲಿ. ಎಲ್ಲರ ಮನೆ, ಜಮೀನು ಒಟ್ಟಿಗೆ ಸಿಗಲಿಲ್ಲ. ಹಾಗಾಗಿ ಮೊದಲ ದಿನವೇ ವಕೀಲರನ್ನು ಕರೆದುಕೊಂಡು ಹೋಗಬೇಡ. ಅವರ ಜೊತೆ ಕೂತು ಚಹಾ ಕುಡಿ. ಸೇನೆ ನಿಮ್ಮೂರಿನ ಜಾಗ ಬಿಟ್ಟುಕೊಟ್ಟಿತಾ ಎಂದು ಕೇಳು. ಇಲ್ಲ ಎಂದರೆ ಬಾಡಿಗೆ ಕರಾರು ಮಾಡಿಕೊಂಡು ಅವರನ್ನು ಇರಲು ಬಿಡು. ಕರಾರು ಬರವಣಿಗೆಯಲ್ಲೇ ಇರಲಿ. ಹತ್ತು ವರ್ಷ ತಕರಾರಿಲ್ಲದೆ ಅನುಭವಿಸಿದವರು ಹಕ್ಕು ಕೇಳಲು ಅಲ್ಲಿನ ಕಾನೂನಿನಲ್ಲಿ ದಾರಿ ಇದೆ. ನೀನು ಬಾಡಿಗೆ ಮನೆಯಲ್ಲಿದ್ದರೆ ಏನೂ ಕಳೆದುಕೊಳ್ಳುವುದಿಲ್ಲ. ಅವರನ್ನು ಎರಡನೇ ಸಲ ಬೀದಿಗೆ ಹಾಕಬೇಡ ಮಗಳೇ.

1995ರ ಅಕ್ಟೋಬರ್ 30ರಂದು ಪಟ್ಟಣ ಬಿಡಿ ಎಂದು ಎಲ್‌ಟಿಟಿಇ ಸಾರಿದಾಗ ಲಕ್ಷಾಂತರ ಜನ ಮಳೆಯಲ್ಲಿ ನಾವತ್ಕುಳಿ ಸೇತುವೆ ಕಡೆ ನಡೆದರು. ನೀನು ಅಪ್ಪನ ಹೆಗಲ ಮೇಲಿದ್ದೆ. ಅವರಲ್ಲಿ ತುಂಬ ಜನ ಮರುವರ್ಷವೇ ವಾಪಸ್ ಹೋದರು. ನೀವು ಬೆಂಗಳೂರಿಗೆ ನಮ್ಮ ಮನೆಗೆ ಬಂದಿರಿ, ಇಲ್ಲಿಂದ ಕೆನಡಾಕ್ಕೆ. ಅಲ್ಲೇ ಉಳಿದವರು ಇನ್ನೂ ಎಷ್ಟೋ ವರ್ಷ ಚೆಕ್‌ಪೋಸ್ಟ್, ಕರ್ಫ್ಯೂಗಳ ನಡುವೆ ಮಕ್ಕಳನ್ನು ಬೆಳೆಸಿದರು. ಅವರಿಗೆ ಬುದ್ಧಿ ಹೇಳಲು ಹೋಗಬೇಡ. ಟೊರಾಂಟೊದ ತಮಿಳರ ಸಭೆಗಳಲ್ಲಿ ಆಡುವ ರಾಜಕೀಯದ ಮಾತನ್ನು ಅಲ್ಲಿ ಆಡಿದರೆ ತೊಂದರೆ ಆಗುವುದು ನಿನಗಿಂತ ಜಾಸ್ತಿ ಅವರಿಗೆ. ಮಗ ಎಲ್ಲಿದ್ದಾನೆ ಎಂದು ಯಾವ ತಾಯಿಯನ್ನೂ ನೀನಾಗಿ ಕೇಳಬೇಡ. ಕಾಣೆಯಾದ ಮಕ್ಕಳ ಫೋಟೋ ಹಿಡಿದು ಕಿಲಿನೊಚ್ಚಿಯ ರಸ್ತೆ ಬದಿಯಲ್ಲಿ ತಾಯಂದಿರು 2017ರಿಂದ ಧರಣಿ ಕೂತಿದ್ದಾರೆ. ಅವರಾಗಿ ಹೇಳಿದರೆ ಎದ್ದು ಹೋಗದೆ ಕೇಳು.

ಪಳೈಯ ತೆಂಗಿನ ತೋಟಕ್ಕೆ ಒಬ್ಬಳೇ ಹೋಗಲೇಬೇಡ. ಪಕ್ಕದ ಮುಹಮಾಲೈಯಲ್ಲಿ ಎರಡೂ ಕಡೆಯವರು ವರ್ಷಗಟ್ಟಲೆ ನೆಲಬಾಂಬ್ ಹುಗಿದಿದ್ದಾರೆ. ಕೆಂಪು ಫಲಕ ಕಾಣದಿದ್ದರೂ ಪೊದೆಯೊಳಗೆ ಕಾಲಿಡಬೇಡ, ಊರವರು ಓಡಾಡುವ ದಾರಿಯಲ್ಲೇ ನಡೆ.

ಕೆಲಸಕ್ಕೆ ಈಗಲೇ ರಾಜೀನಾಮೆ ಕೊಡಬೇಡ, ಉದ್ದ ರಜೆ ಹಾಕು. ಒಂದು ಮಳೆಗಾಲ ಅಲ್ಲಿ ಕಳೆದು ನೋಡು. ಹೋಗುವಾಗ ಬೆಂಗಳೂರಿಗೆ ಬಾ. ಚೆನ್ನೈವರೆಗೆ ನಾನೇ ಬಂದು ವಿಮಾನ ಹತ್ತಿಸುತ್ತೇನೆ.

ನಿನ್ನ ದೊಡ್ಡಮ್ಮ