ಎರಡು ಆಟಕ್ಕೂ ಒಂದೇ ಲ್ಯಾಪ್‌ಟಾಪ್

ಸಾಗರ
ಭಾನುವಾರ ರಾತ್ರಿ

ಚಿ. ಸಿಂಚನಾಳಿಗೆ ಮಾವನ ಆಶೀರ್ವಾದಗಳು.

ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಎರಡು ಲ್ಯಾಪ್‌ಟಾಪ್‌ಗಳ ಫೋಟೊ ನೋಡಿದೆ. ಕೆಳಗೆ "ಮಾವ, ಐ7 ಅಲ್ವಾ ದೊಡ್ಡದು? ಅದನ್ನೇ ತಗೊಳ್ಲಾ?" ಅಂತ ಕೇಳಿದ್ದೆ. ಬೇಡ ಅಂತ ಎರಡಕ್ಷರ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಯಾಕೆ ಬೇಡ ಅಂತ ಗೊತ್ತಿಲ್ಲದೆ ನೀನು ಅಂಗಡಿಗೆ ಹೋದರೆ, ಅಲ್ಲಿಯ ಹುಡುಗ ಹತ್ತು ನಿಮಿಷದಲ್ಲಿ ನಿನ್ನ ಮನಸ್ಸು ತಿರುಗಿಸುತ್ತಾನೆ. ಅಕ್ಕ ಅಡಿಕೆ ಮಾರಿದ ದುಡ್ಡಲ್ಲಿ 85,000 ಎತ್ತಿಟ್ಟಿದ್ದಾಳೆ. ಅದಕ್ಕೇ ಸರ್ವಿಸ್ ಅಂಗಡಿಯ ಶಟರ್ ಎಳೆದು ಕೂತು ಬರೆಯುತ್ತಿದ್ದೇನೆ.

ನಿನ್ನ ಮೊದಲ ಫೋಟೊದ ಲ್ಯಾಪ್‌ಟಾಪ್‌ನಲ್ಲಿರುವ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ಇಂಟೆಲ್‌ನ ಐ7-1355ಯು. ಎರಡನೆಯದು ಐ5-13450ಎಚ್‌ಎಕ್ಸ್, ಜೊತೆಗೆ ಪರದೆಯ ಮೇಲೆ ಚಿತ್ರ ಮೂಡಿಸುವ ಆರ್‌ಟಿಎಕ್ಸ್ 4050 ಗ್ರಾಫಿಕ್ಸ್. ಎರಡೂ 2023ರ ಪೀಳಿಗೆ. ಬೆಲೆಯಲ್ಲೂ ಅಂಥ ಅಂತರ ಇಲ್ಲ. ಇನ್ನೊಂದು ತಮಾಷೆ ನೋಡು, ಎರಡರಲ್ಲೂ 10 ಕೋರ್, ಅಂದರೆ ಕೆಲಸ ಹಂಚಿಕೊಳ್ಳುವ ಹತ್ತು ಭಾಗ. ಅತಿ ಹೆಚ್ಚಿನ ವೇಗ ಐ7ಕ್ಕೆ 5 ಗಿಗಾಹರ್ಟ್ಸ್, ಐ5ಕ್ಕೆ 4.6. ಚೀಟಿ ಓದಿದರೆ ಯಾರಿಗಾದರೂ ಐ7 ಮೇಲು ಅನ್ನಿಸಲೇಬೇಕು. ನಿನ್ನ ತಪ್ಪೇನೂ ಇಲ್ಲ.

ಈಗ ಯಕ್ಷಗಾನ ಮೇಳದ ಲೆಕ್ಕದಲ್ಲಿ ಹೇಳುತ್ತೇನೆ, ನಿನಗೆ ಬೇಗ ಹತ್ತುತ್ತದೆ. ಹತ್ತು ಜನ ಕಲಾವಿದರಿದ್ದಾರೆ ಅಂದಮಾತ್ರಕ್ಕೆ ಹತ್ತೂ ಮುಖ್ಯವೇಷ ಆಗುವುದಿಲ್ಲವಲ್ಲ. ಶುರುವಿನಲ್ಲಿ ಕುಣಿಯುವ ಕಿರಿಯ ಬಾಲಗೋಪಾಲರೂ ಲೆಕ್ಕಕ್ಕೆ ಸೇರುತ್ತಾರೆ. ಇಂಟೆಲ್ 12ನೇ ಪೀಳಿಗೆಯಿಂದ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲೂ ಹಾಗೇ ಎರಡು ಜಾತಿಯ ಕೋರ್ ಇಡುತ್ತಾ ಬಂದಿದೆ: ಜೋರಿನವು 'ಪಿ', ಕರೆಂಟ್ ಉಳಿಸುವ ಚಿಕ್ಕವು 'ಇ'. ಆ ಐ7ನಲ್ಲಿ ಪಿ ಕೋರ್ ಎರಡೇ ಎರಡು, ಉಳಿದ ಎಂಟೂ ಇ. ಐ5ನಲ್ಲಿ ಪಿ ಆರು, ಇ ನಾಲ್ಕು. ಪ್ರಸಂಗ ರಂಗೇರುವ ಹೊತ್ತಿಗೆ ಎರಡು ಮುಖ್ಯವೇಷ ಇಟ್ಟುಕೊಂಡವರು ಏನು ಮಾಡಬೇಕು?

ಹೆಸರಿನ ಬಾಲದಲ್ಲಿರುವ ಅಕ್ಷರ ಇದಕ್ಕಿಂತ ಮುಖ್ಯ. 'ಯು' ಅಂದರೆ ತೆಳ್ಳನೆ ಲ್ಯಾಪ್‌ಟಾಪ್‌ಗೆ ಮಾಡಿದ್ದು, ಅದರ ಮೂಲ ಲೆಕ್ಕ 15 ವ್ಯಾಟ್. 'ಎಚ್' ಅಂದರೆ 45, 'ಎಚ್‌ಎಕ್ಸ್' ಅಂದರೆ 55. ಐ7ಕ್ಕೆ ಬರೆದ ಆ 5 ಗಿಗಾಹರ್ಟ್ಸ್ ಸುಳ್ಳಲ್ಲ, ಆದರೆ ಅದು ಸ್ವಲ್ಪ ಹೊತ್ತಿನ ಓಟ. ಬ್ರೌಸರ್ ತೆರೆಯುವಾಗ, ಫೈಲ್ ಬಿಚ್ಚುವಾಗ ಚುರುಕಾಗಿ ಓಡಿ, ಬಿಸಿ ಏರಿತು ಅನ್ನುವಾಗ ತನ್ನ ಕಡಿಮೆ ವ್ಯಾಟಿಗೆ ಇಳಿದುಬಿಡುತ್ತದೆ. ಬ್ಯಾಂಕಿನವರಿಗೆ, ಮೇಷ್ಟ್ರಿಗೆ ಅದು ಚೆನ್ನಾದ ಪ್ರೊಸೆಸರ್. ಬ್ಯಾಟರಿ ಬಾಳಿಕೆ ಬರುತ್ತದೆ, ಹೆಗಲಿಗೂ ಭಾರವಿಲ್ಲ. ನಿನ್ನ ಕೆಲಸ ಬೇರೆ. ರಾತ್ರಿಯಿಡೀ ನಡೆದ ಯಕ್ಷಗಾನ ಚಿತ್ರೀಕರಿಸಿ, ಕತ್ತರಿಸಿ, ಎಕ್ಸ್‌ಪೋರ್ಟ್‌ಗೆ ಹಾಕಿ ಗಂಟೆಗಟ್ಟಲೆ ಕಾಯುವವಳು ನೀನು. ರಜೆ ಸಿಕ್ಕಿದರೆ ಇನ್ನೊಂದು ಬಗೆಯ ಆಟಕ್ಕೆ, ಅಂದರೆ ಗೇಮ್‌ಗೆ, ಕೂತವಳು ಊಟಕ್ಕೆ ಕರೆದರೂ ಏಳುವುದಿಲ್ಲ ಅಂತ ಅಕ್ಕನ ದೂರು. ನಿನ್ನ ಎರಡು ಆಟಕ್ಕೂ ಬೇಕಾದದ್ದು ದಮ್ಮು.

2005ರಲ್ಲಿ ನಾನು ಮಾಡಿದ್ದನ್ನೂ ಕೇಳು. ನಿನ್ನಮ್ಮನ ಹತ್ತಿರವೇ ಸಾಲ ತೆಗೆದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆ. ಆಗ ಎಲ್ಲರ ಬಾಯಲ್ಲೂ ಗಿಗಾಹರ್ಟ್ಸ್. ಕೈಯಲ್ಲಿದ್ದ ದುಡ್ಡನ್ನೆಲ್ಲ ಪ್ರೊಸೆಸರ್‌ಗೇ ಸುರಿದು, ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಉಳಿಯದೆ, ಪೆಟ್ಟಿಗೆಯನ್ನು ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದೆ. ಆಸೆಪಟ್ಟು ಹಾಕಿದ ಕಾರ್ ರೇಸಿನ ಆಟ ತೆರೆದುಕೊಳ್ಳಲೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂತ ಪರದೆಯ ಮೇಲೆ ಒಂದು ಸಾಲು ಬಂತು, ಅಷ್ಟೇ. ಪಕ್ಕದಲ್ಲಿ ನಿಂತಿದ್ದ ಅಕ್ಕ "ಇದಕ್ಕೇನಾ ಅಷ್ಟು ದುಡ್ಡು?" ಅಂದಳು. ಇವತ್ತಿಗೂ ಒಮ್ಮೊಮ್ಮೆ ಅನ್ನುತ್ತಾಳೆ. ಗಿಗಾಹರ್ಟ್ಸ್ ಓಟದ ಕಥೆಯೂ ಆ ಹೊತ್ತಿಗೆ ಮುಗಿಯುತ್ತಾ ಬಂದಿತ್ತು. ಇಂಟೆಲ್‌ನ ಆಗಿನ ಪ್ರೊಸೆಸರ್ ಪೆಂಟಿಯಂ 4, 2004ರಲ್ಲಿ 3.8 ಗಿಗಾಹರ್ಟ್ಸ್ ಮುಟ್ಟಿ ನಿಂತಿತು, 4ರ ಯೋಜನೆಯನ್ನು ಇಂಟೆಲ್ಲೇ ಕೈಬಿಟ್ಟಿತು. 2006ರಲ್ಲಿ ಬಂದ ಕೋರ್ 2 ಡ್ಯುಯೋ ಅದಕ್ಕಿಂತ ಎಷ್ಟೋ ಕಡಿಮೆ ಗಿಗಾಹರ್ಟ್ಸ್‌ನಲ್ಲೇ ಅದನ್ನು ಹಿಂದಿಕ್ಕಿತು.

ಹಾಗಾಗಿ ಗೇಮ್‌ನ ಮಾತು ಬಂದರೆ ಮೊದಲು ಗ್ರಾಫಿಕ್ಸ್ ನೋಡು. ಪ್ರೊಸೆಸರ್ ಅಂದರೆ ಭಾಗವತ. ಯಾರು ಎಲ್ಲಿ ನಿಲ್ಲಬೇಕು, ಮುಂದೇನಾಗಬೇಕು ಅಂತ ನಡೆಸುವವನು. ರಂಗದ ಮೇಲೆ ಕುಣಿದು ತೋರಿಸುವುದು ಗ್ರಾಫಿಕ್ಸ್. ಭಾಗವತ ಎಷ್ಟೇ ಘಟಾನುಘಟಿ ಆದರೂ ಕುಣಿಯುವವರಿಗೆ ಕಾಲು ಬಾರದಿದ್ದರೆ ಆಟ ಏಳುವುದಿಲ್ಲ. ವ್ಯಾಲೊರಂಟ್‌ನಂಥವಕ್ಕೆ ಭಾಗವತನ ಚುರುಕು ಜಾಸ್ತಿ ಬೇಕು, ಸೈಬರ್‌ಪಂಕ್ 2077ನಂಥವಕ್ಕೆ ಕುಣಿತದ ಬಲ. 4050 ಅಂತ ಹೆಸರಿದ್ದರೂ ಸಾಲದು. ಅದೇ 4050ಯನ್ನು ಒಬ್ಬರು 35 ವ್ಯಾಟಿನಲ್ಲಿ ಓಡಿಸಬಹುದು, ಇನ್ನೊಬ್ಬರು 115ರಲ್ಲಿ. ಕಂಪನಿಯ ಜಾಲತಾಣದಲ್ಲಿ ಗ್ರಾಫಿಕ್ಸ್‌ಗೆ ಎಷ್ಟು ವ್ಯಾಟ್ ಅನ್ನುವುದನ್ನು 'ಟಿಜಿಪಿ' ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಹುಡುಕಿ ನೋಡು. ಬರೆಯದೇ ಬಿಟ್ಟಿದ್ದರೆ ನನಗಂತೂ ಅನುಮಾನವೇ.

ಎಡಿಟಿಂಗ್‌ಗೆ ಬೇರೆಯೇ ಒಂದು ವಿಷಯ ಇದೆ, ಅಂಗಡಿಯವರು ಇದನ್ನು ಹೇಳಿದ್ದು ನಾನು ಕೇಳಿಲ್ಲ. ನಿಮ್ಮ ಮೇಳದ ಹೊಸ ಕ್ಯಾಮೆರಾ 10 ಬಿಟ್ 4:2:2ರಲ್ಲಿ ಎಚ್‌ಇವಿಸಿ ಮುದ್ರಿಸುತ್ತದೆ ಅಂದಿದ್ದೆಯಲ್ಲ, ಬಣ್ಣದ ವಿವರ ಹೆಚ್ಚು ಉಳಿಸಿ ಒತ್ತಿಡುವ ವಿಡಿಯೊದ ಬಗೆ ಅದು. ಆರ್‌ಟಿಎಕ್ಸ್ 40ರ ಸಾಲಿನ ಕಾರ್ಡ್‌ಗಳು ಆ ಬಗೆಯ ವಿಡಿಯೊವನ್ನು ತಾವೇ ಬಿಚ್ಚಲಾರವು. ಇಂಟೆಲ್ ಪ್ರೊಸೆಸರ್ ಒಳಗೆ ಕ್ವಿಕ್ ಸಿಂಕ್ ಅಂತ ವಿಡಿಯೊಗೆಂದೇ ಒಂದು ಮೂಲೆ ಇದೆ, ಅದು ಬಿಚ್ಚುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊ ಅದನ್ನು ಬಳಸಿಕೊಳ್ಳುತ್ತದೆ. ಇಲ್ಲದಿದ್ದರೆ ಟೈಮ್‌ಲೈನ್ ಎಳೆದಾಗಲೆಲ್ಲ ಚಂಡೆ ಒಂದು ಕಡೆ, ಹೆಜ್ಜೆ ಒಂದು ಕಡೆ. ಮೊಬೈಲ್‌ನ ಮಾಮೂಲಿ ವಿಡಿಯೊಗೆ ಈ ತಲೆಬಿಸಿ ಇಲ್ಲ.

ನಿನ್ನ ರೂಮ್‌ಮೇಟ್ ಎಎಮ್‌ಡಿ ಕಂಪನಿಯ ರೈಜೆನ್ ಪ್ರೊಸೆಸರ್‌ನದ್ದು ತಗೋ ಅಂದಳಂತೆ. ಎಎಮ್‌ಡಿ ಮೇಲೆ ನನಗೆ ಯಾವ ಮುನಿಸೂ ಇಲ್ಲ, ನನ್ನ ಬೆಂಚಿನ ಮೇಲಿರುವುದೇ ರೈಜೆನ್. ಅವರ 7000ದ ಲ್ಯಾಪ್‌ಟಾಪ್ ಸಾಲಿನಲ್ಲಿ ಮಾತ್ರ ಮೂರನೆಯ ಅಂಕಿ ಓದಬೇಕು. 7520ಯು ಅಂದರೆ ಮೂರನೆಯದು 2, ಒಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸ, ನಾಲ್ಕೇ ಕೋರ್. 7840ಎಚ್‌ಎಸ್‌ನಲ್ಲಿ ಮೂರನೆಯದು 4, ಅಂದರೆ ಜೆನ್ 4, ಎಂಟು ಕೋರ್, ಎಂಟೂ ಜೋರಿನವೇ. ಹೊರಗೆ ಎರಡೂ '7' ಹಾಕಿಕೊಂಡು ಒಂದೇ ಮನೆಯವರ ಹಾಗೆ ನಿಂತಿರುತ್ತವೆ. 7840ಎಚ್‌ಎಸ್ ನಿನ್ನ ದುಡ್ಡಿಗೆ ಸಿಕ್ಕರೆ ನನಗೆ ಒಂದು ಫೋನ್ ಮಾಡು. ನಿಮ್ಮ ಕ್ಯಾಮೆರಾದ 4:2:2 ವಿಡಿಯೊವನ್ನು ಬಿಚ್ಚುವ ಮೂಲೆ ಅದರಲ್ಲಿಲ್ಲ, ಆ ವಿಷಯ ಒಂದಿಲ್ಲದಿದ್ದರೆ ಅದನ್ನೇ ತಗೋ ಅನ್ನುತ್ತಿದ್ದೆ.

ರ‍್ಯಾಮ್ 16 ಜಿಬಿ ಸಾಕು, ಆದರೆ 8ರದ್ದು ಎರಡು ಇರಲಿ, ಒಂದೇ ಕಡ್ಡಿ ಬೇಡ. ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆ ಚೀಟಿಯಲ್ಲಿ '45% ಎನ್‌ಟಿಎಸ್‌ಸಿ' ಅಂತ ಕಂಡರೆ ಬಿಟ್ಟುಬಿಡು, ಬಣ್ಣದ ವೇಷದ ಕೆಂಪು ಅದರಲ್ಲಿ ಹಳೇ ಇಟ್ಟಿಗೆಯ ಹಾಗೆ ಕಾಣುತ್ತದೆ. '100% ಎಸ್‌ಆರ್‌ಜಿಬಿ' ಅಂತ ಇರಬೇಕು.

ಎಚ್‌ಎಕ್ಸ್‌ನ ಕಷ್ಟವನ್ನೂ ಮುಚ್ಚಿಡುವುದಿಲ್ಲ. ಇಟ್ಟಿಗೆಯಂಥ ಚಾರ್ಜರ್ ಹೊರಬೇಕು, ಪ್ಲಗ್ ಕಿತ್ತರೆ ಗೇಮ್‌ನ ಜೋರು ಅರ್ಧಕ್ಕರ್ಧ ಇಳಿಯಬಹುದು, ಫ್ಯಾನ್ ಸದ್ದಿಗೆ ರೂಮ್‌ಮೇಟ್ ಬೈಯುತ್ತಾಳೆ. ಮತ್ತೆ ಬಿಸಿ. ಹೋದ ವಾರ ಹೊಸನಗರದ ಹುಡುಗನೊಬ್ಬ, ಇನ್ನೂ ಎರಡು ವರ್ಷ ತುಂಬದ ಗೇಮಿಂಗ್ ಲ್ಯಾಪ್‌ಟಾಪ್ ತಂದಿದ್ದ. ಆಟ ಶುರುವಾಗಿ ಎರಡು ನಿಮಿಷಕ್ಕೆ ಟಾಸ್ಕ್ ಮ್ಯಾನೇಜರಿನಲ್ಲಿ ವೇಗ 4 ಚಿಲ್ಲರೆ ಗಿಗಾಹರ್ಟ್ಸ್‌ನಿಂದ 1.3ಕ್ಕೆ ಬಿತ್ತು. ತಳ ಬಿಚ್ಚಿದೆ. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಕಂಬಳಿ ಕತ್ತರಿಸಿ ತುರುಕಿದ ಹಾಗೆ ಒಂದು ಬೂದು ಪಟ್ಟಿ. ಚಿಮಟದಲ್ಲಿ ಹಿಡಿದೆಳೆದರೆ ಇಡೀ ಪಟ್ಟಿ ಒಂದೇ ತುಂಡಾಗಿ ಬಂತು. ಪ್ರೊಸೆಸರ್ ಮೇಲಿನ, ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದ ಥರ ಉದುರಿತು. "ಎಲ್ಲಿಟ್ಟು ಆಡ್ತೀಯಪ್ಪ?" ಅಂದೆ. "ಹಾಸಿಗೆ ಮೇಲೆ." ಒರೆಸಿ, ಹೊಸ ಪೇಸ್ಟ್ ಹಚ್ಚಿದ ಮೇಲೆ 3ರಿಂದ ಕೆಳಗೆ ಇಳಿಯಲಿಲ್ಲ. ನೀನು ಮೇಜಿನ ಮೇಲೆ, ಹಿಂದುಗಡೆ ಎರಡು ಬೆರಳು ಎತ್ತರಿಸಿ ಇಟ್ಟುಕೋ.

ಆದ್ದರಿಂದ ನಿನ್ನ ಎರಡನೇ ಫೋಟೊದ ಐ5ಗೇ ನನ್ನ ಓಟು. ದುಡ್ಡು ಕೊಡುವ ಮುಂಚೆ ಪೆಟ್ಟಿಗೆಯ ಹೊರಗಿನ ಚೀಟಿಯ ಫೋಟೊ ತೆಗೆದು ಕಳಿಸು, ಪ್ರೊಸೆಸರಿನ ಪೂರ್ತಿ ಹೆಸರು ಬಾಲದ ಸಮೇತ ಕಾಣಬೇಕು. ಸೋಮವಾರ ಬಿಟ್ಟು ಯಾವತ್ತಾದರೂ ಹೋಗು. ಸೋಮವಾರ ನಾನು ಶಿವಮೊಗ್ಗಕ್ಕೆ ಬಿಡಿಭಾಗ ತರಲು ಹೋಗಿರುತ್ತೇನೆ, ದಾರಿಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಅಕ್ಕನಿಗೆ ಹಲಸಿನ ಹಪ್ಪಳ ಕಳಿಸಲು ಹೇಳು, ಡಬ್ಬ ಖಾಲಿಯಾಗಿ ತಿಂಗಳಾಯಿತು.

ಇಂತಿ ನಿನ್ನ
ಮಾವ