19 ಸೀಟಿನ ವಿಮಾನಕ್ಕೂ ಬೆಳಗಿನ ಸ್ಲಾಟ್ ಕೊಡಿ: ಮುರಳೀಧರ ಮೊಹೋಳ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಮುರಳೀಧರ ಮೊಹೋಳ್ ಅವರಿಗೆ ನಮಸ್ಕಾರ.

ನೀವು ನಮ್ಮ ಪುಣೆಯ ಸಂಸದರು, ನಾಗರಿಕ ವಿಮಾನಯಾನ ಖಾತೆಯ ರಾಜ್ಯ ಸಚಿವರೂ ಹೌದು. ಸಣ್ಣ ವಿಮಾನಕ್ಕೂ ಬೆಳಗಿನ ಸ್ಲಾಟ್, ಅಂದರೆ ನಿಲ್ದಾಣದಲ್ಲಿ ಇಳಿಯೋಕೆ, ಏರೋಕೆ ಗೊತ್ತುಮಾಡಿಕೊಡುವ ಹೊತ್ತು, ಬೇಕು ಅನ್ನೋ ಮಾತನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ? ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡಿಗರು ಬಹಳ ಮಂದಿ ಇದ್ದೇವೆ. ಊರಿಂದ ಕೆಟ್ಟ ಸುದ್ದಿ ಬಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಇವತ್ತಿಗೂ ರಾತ್ರಿ ಬಸ್ಸೇ ಗತಿ.

2017ರ ಡಿಸೆಂಬರ್‌ನಲ್ಲಿ ಏರ್ ಡೆಕ್ಕನ್ ಮತ್ತೆ ಹಾರಿದಾಗ ನಮಗೆ ತುಂಬಾ ಖುಷಿಯಾಗಿತ್ತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಕಂಪನಿ ಅದು. 2003ರಲ್ಲಿ ಮೊದಲ ಸಲ ಶುರುವಾದಾಗ ಹುಬ್ಬಳ್ಳಿಯಂಥ ಊರುಗಳ ಜನರನ್ನೂ ವಿಮಾನ ಹತ್ತಿಸಿತ್ತು. 2008ರಲ್ಲಿ ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು. ಎರಡನೇ ಸಲ ಬಂದಿದ್ದು, ಸಣ್ಣ ಊರುಗಳಿಗೆ ಹಾರುವ ಕಂಪನಿಗಳ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುವ ಉಡಾನ್ ಯೋಜನೆಯಡಿ, 19 ಸೀಟಿನ ಬೀಚ್‌ಕ್ರಾಫ್ಟ್ ವಿಮಾನದಲ್ಲಿ. ನಾಸಿಕ್-ಪುಣೆ, ಮುಂಬೈ-ಜಳಗಾಂವ್. ನಾಸಿಕ್‌ಗೆ ರಸ್ತೆಯಲ್ಲಿ ಹೋದರೆ ಅರ್ಧ ದಿನ ಹಾಳು, ನಿಮಗೇ ಗೊತ್ತು. 2020ರ ಏಪ್ರಿಲ್‌ನಲ್ಲಿ ಹಾರಾಟ ನಿಂತಿತು. ಸಿಬ್ಬಂದಿಯನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸಿದರು.

ಕೋವಿಡ್ ಹೊಡೆತ ನಿಜ. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ. ಸಣ್ಣ ಊರುಗಳಿಗೆ ಹಾರುತ್ತಿದ್ದ ಟ್ರೂಜೆಟ್ ಕಂಪನಿ ಕೂಡ 2022ರಲ್ಲಿ ನಿಂತುಹೋಯಿತು. ಮಹಾಲೇಖಪಾಲರ (ಸಿಎಜಿ) 2023ರ ವರದಿ ನೋಡಿ. ಉಡಾನ್‌ನ ಮೊದಲ ಮೂರು ಸುತ್ತಿನಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಮುಗಿಸಿದ್ದು ಬರೀ 112. ಆಮೇಲೂ ಉಳಿದಿದ್ದು 54. ಇದನ್ನು ಯಾವುದೋ ಒಂದು ಕಂಪನಿಯ ಸೋಲು ಅನ್ನೋಕಾಗಲ್ಲ, ಅಲ್ವಾ?

ನನ್ನ ಪ್ರಕಾರ ದೊಡ್ಡ ತೊಡಕು ಸ್ಲಾಟ್. ಸಣ್ಣ ವಿಮಾನ ಬೇಕಾಗಿರೋದು ಬೆಳಿಗ್ಗೆ ಹೋಗಿ, ಕೆಲಸ ಮುಗಿಸಿ, ಸಂಜೆ ಮನೆ ಸೇರೋಕೆ. ನಡು ಮಧ್ಯಾಹ್ನ ಹೊರಟರೆ ಯಾರು ಹತ್ತುತ್ತಾರೆ? ಆದರೆ ಬೆಳಿಗ್ಗೆ ದೊಡ್ಡ ವಿಮಾನಗಳೇ ಸಾಲುಗಟ್ಟಿರುತ್ತವೆ. 180 ಜನರ ವಿಮಾನಕ್ಕೂ 19 ಜನರದ್ದಕ್ಕೂ ರನ್‌ವೇ ಮೇಲೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ದೊಡ್ಡದರ ಹಿಂದೆ ಗಾಳಿ ಸುಳಿಯುವುದರಿಂದ ಸಣ್ಣದು ಇನ್ನೂ ಜಾಸ್ತಿ ಅಂತರ ಬಿಡಬೇಕು. 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕ ಮನ್ನಾ. ಒಳ್ಳೆಯ ನಿಯಮವೇ. ಆದರೆ ಆದಾಯ ತರದ ವಿಮಾನಕ್ಕೆ ಒಳ್ಳೆಯ ಹೊತ್ತನ್ನು ಯಾವ ನಿಲ್ದಾಣ ತಾನಾಗಿ ಬಿಟ್ಟುಕೊಡುತ್ತದೆ? ಮುಂಬೈಯಲ್ಲಿ ಒಂದು ಸ್ಲಾಟ್ ಸಿಗೋದೇ ಕಷ್ಟ. ಪುಣೆಯ ನಮ್ಮ ಲೋಹಗಾಂವ್ ವಿಮಾನ ನಿಲ್ದಾಣ ವಾಯುಪಡೆಯ ನೆಲೆ. 2024ರಲ್ಲಿ ಹೊಸ ಟರ್ಮಿನಲ್ ಬಂತು, ಸಂತೋಷ. ರನ್‌ವೇ ಮಾತ್ರ ಹಳೆಯದೊಂದೇ.

2025ರ ಬಜೆಟ್‌ನಲ್ಲಿ ಉಡಾನ್‌ಗೆ ಇನ್ನೂ 120 ಊರು ಸೇರಿಸುವ ಮಾತಿದೆ. ಊರು ಸೇರಿಸುವ ಮೊದಲು ಸಣ್ಣ ವಿಮಾನಗಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಸ್ಲಾಟ್ ಮೀಸಲಿಡಿ. ಮೂರು ವರ್ಷ ನಷ್ಟ ತುಂಬಿಕೊಟ್ಟು ಆಮೇಲೆ ಒಮ್ಮೆಲೇ ಕೈಬಿಡಬೇಡಿ. ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಇಳಿಸಿ. ನಮ್ಮ ಎಚ್‌ಎಎಲ್‌ನವರೇ ಕಾನ್ಪುರದಲ್ಲಿ 19 ಸೀಟಿನವರೆಗಿನ ಡಾರ್ನಿಯರ್ ವಿಮಾನ ಕಟ್ಟುತ್ತಾರೆ. ಅರುಣಾಚಲದಲ್ಲಿ ಅದು ಹಾರಿದೆ. ಇಲ್ಲಿಂದ ವಿಜಯಪುರಕ್ಕೋ ಕಲಬುರಗಿಗೋ ಯಾಕೆ ಹಾರಬಾರದು?

ಚಳಿಗಾಲದ ವೇಳಾಪಟ್ಟಿ ಅಕ್ಟೋಬರ್ ಕೊನೆಯ ವಾರ ಶುರುವಾಗುತ್ತದೆ. ಅದಕ್ಕೆ ಮುಂಚೆ ವಾಯುಪಡೆಯವರ ಜೊತೆ ಕೂತು ಲೋಹಗಾಂವ್‌ನ ಆ ಎರಡು ಸ್ಲಾಟ್ ಬಗ್ಗೆ ಮಾತಾಡಿ. ಏನು ತೀರ್ಮಾನವಾಯಿತು ಅಂತ ನಮಗೂ ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಕನ್ನಡಿಗ ಮತದಾರ, ಪುಣೆ