ಬಿಗಿತ ಅಳೆದು ಆಮೇಲೆ ಮಾತ್ರೆ ಬರೆಯಿರಿ

ಮಾನ್ಯರೇ,

ಲಕ್ವ ಹೊಡೆದವರ ಕೈಕಾಲು ಮೊದಮೊದಲು ಜೋತುಬಿದ್ದಿದ್ದರೂ ಕೆಲವು ವಾರಗಳಲ್ಲಿ ಹಲವರಿಗೆ ಮೊಣಕೈ ಮಡಚಿಕೊಂಡು, ಮುಷ್ಟಿ ಬಿಗಿದು, ಹಿಮ್ಮಡಿ ನೆಲಕ್ಕೆ ಊರದಂತಾಗುತ್ತದೆ. ಜಗಳೂರು, ಹೊನ್ನಾಳಿ ಕಡೆಯಿಂದ ದಾವಣಗೆರೆಗೆ ಬರುವ ಇಂಥವರ ಚೀಟಿಯಲ್ಲಿ ಬಹಳ ಸಲ ಇರುವುದು ಬಿಗಿತ ಸಡಿಲಿಸುವ ಬ್ಯಾಕ್ಲೋಫೆನ್ ಮಾತ್ರೆ ಮತ್ತು ‘ಫಿಸಿಯೋಥೆರಪಿ ಮುಂದುವರಿಸಿ’ ಎಂಬ ಸಾಲು, ಅಷ್ಟೇ. ಯಾವ ಸ್ನಾಯು ಎಷ್ಟು ಬಿಗಿದಿತ್ತು ಎಂದು ಬರೆದಿರದಿದ್ದರೆ, ತಿಂಗಳ ನಂತರ ಮಾತ್ರೆ ನಾಟಿತೋ ಇಲ್ಲವೋ ಎಂದು ಹೇಳುವುದಾದರೂ ಹೇಗೆ?

ಅಳೆಯಲು ಯಂತ್ರ ಬೇಡ, ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಒಂದಿದ್ದರೆ ಸಾಕು. ರೂಢಿಯಲ್ಲಿರುವ ಮಾಡಿಫೈಡ್ ಆಶ್‌ವರ್ತ್ ಪರೀಕ್ಷೆಯಲ್ಲಿ ಕೀಲನ್ನು ಸುಮಾರು ಒಂದು ಸೆಕೆಂಡಿನಲ್ಲಿ ಚಾಚಿ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ನಡುವೆ 1+ ಕೂಡ ಇದೆ. ಆದರೆ ನರದಿಂದ ಬಂದ ಸೆಟೆತ, ಸ್ನಾಯು ಗಿಡ್ಡವಾಗಿ ಬಂದ ಬಿಗಿತ ಎರಡೂ ಆ ಒಂದೇ ಅಂಕದಲ್ಲಿ ಕಲಸಿಹೋಗುತ್ತವೆ. ಬೇರ್ಪಡಿಸಲು ಟಾರ್ಡ್ಯೂ ವಿಧಾನ ಬೇಕು. ರೋಗಿಯನ್ನು ಮಲಗಿಸಿ, ಮಂಡಿ ನೇರವಿಟ್ಟು, ಪಾದವನ್ನು ಆದಷ್ಟು ನಿಧಾನವಾಗಿ ಮೇಲೆತ್ತಿ ಕೋನ ನೋಡಿ. ಆಮೇಲೆ ಆದಷ್ಟು ವೇಗವಾಗಿ ಎತ್ತಿ, ಎಲ್ಲಿ ಗಕ್ಕನೆ ಹಿಡಿಯುತ್ತದೆ ಎಂದು ನೋಡಿ. ಕಾಲಿಗೆ ಲಂಬವಾದ ಸ್ಥಿತಿಯಿಂದ ನಿಧಾನಕ್ಕೆ 10 ಡಿಗ್ರಿ ಮೇಲೆ ಬಂದ ಪಾದ ವೇಗಕ್ಕೆ 20 ಡಿಗ್ರಿ ಕೆಳಗೇ ನಿಂತರೆ ಅಂತರ 30. ಇದು ಹೆಚ್ಚಾಗಿ ನರದ ಸೆಟೆತ, ಔಷಧಿಗೆ ಬಗ್ಗೀತು. ಎರಡೂ ಸಲ ಒಂದೇ ಕಡೆ ನಿಂತರೆ ಸ್ನಾಯುವೇ ಗಿಡ್ಡವಾಗಿದೆ. ಅದಕ್ಕೆ ಮಾತ್ರೆ ನುಂಗಿಸುವುದು ವ್ಯರ್ಥ, ಹಂತಹಂತದ ಪ್ಲಾಸ್ಟರ್ ಅಥವಾ ಶಸ್ತ್ರಚಿಕಿತ್ಸೆ ಬೇಕಾದೀತು. ಮಂಡಿ ಮಡಚಿಯೂ ಒಮ್ಮೆ ನೋಡಬೇಕು: ಆಗ ಪಾದ ಸಲೀಸಾಗಿ ಮೇಲೆ ಬಂದರೆ ತೊಂದರೆ ಮೀನಖಂಡದ ಮೇಲ್ಪದರದ ಸ್ನಾಯುವಿನದು. ಪ್ರತಿ ಸಲವೂ ಅದೇ ಭಂಗಿ, ಆದಷ್ಟು ಅದೇ ಹೊತ್ತು ಇರಲಿ.

ಎಲ್ಲ ಬಿಗಿತವೂ ಶತ್ರುವಲ್ಲ. ಬಲವಿಲ್ಲದ ಕಾಲು ಎಷ್ಟೋ ಸಲ ತೊಡೆಯ ಸೆಟೆತದ ಮೇಲೇ ನಿಂತಿರುತ್ತದೆ. ಅದನ್ನು ಸಡಿಲಿಸಿದರೆ ಮಂಡಿ ಕುಸಿದು ಬೀಳುತ್ತಾರೆ. ಅಂಗೈ ತೊಳೆಯಲಾಗುತ್ತಿಲ್ಲವೇ, ನೋವಿದೆಯೇ, ನಡೆಯಲು ಅಡ್ಡಿಯೇ ಎಂದು ಮೊದಲು ಕೇಳಬೇಕು.

ಇದ್ದಕ್ಕಿದ್ದಂತೆ ಬಿಗಿತ ಏರಿದರೆ, ಬೆನ್ನುಹುರಿ ಪೆಟ್ಟಿನವರಲ್ಲಂತೂ, ಮಾತ್ರೆ ಏರಿಸುವ ಮುಂಚೆ ಕಾರಣ ಹುಡುಕಿ: ಮೂತ್ರದ ಸೋಂಕು, ಕಟ್ಟಿಕೊಂಡ ಕ್ಯಾಥೆಟರ್, ಮಲಬದ್ಧತೆ, ಹಾಸಿಗೆ ಹುಣ್ಣು, ಒಳಕ್ಕೆ ಬೆಳೆದ ಉಗುರು. ಇಲ್ಲೊಂದು ಅಪಾಯವೂ ಇದೆ. ಬಿಗಿತಕ್ಕೇ ಕೊಡುವ ಇನ್ನೊಂದು ಮಾತ್ರೆ ಟೈಜಾನಿಡಿನ್ ತೆಗೆದುಕೊಳ್ಳುವವರಿಗೆ ಮೂತ್ರದ ಸೋಂಕಿಗೆಂದು ಸಿಪ್ರೊಫ್ಲಾಕ್ಸಸಿನ್ ಕೊಡಲೇಬಾರದು, ಬಿಪಿ ತೀರಾ ಇಳಿದುಬಿಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವವರಿಗೆ ಇದು ಗೊತ್ತಿರುವುದಿಲ್ಲ.

ಬ್ಯಾಕ್ಲೋಫೆನ್ ಸಾಮಾನ್ಯವಾಗಿ 5 ಮಿ.ಗ್ರಾಂ., ದಿನಕ್ಕೆ 3 ಸಲದಿಂದ ಶುರು. ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಕೆ. ಅವಸರಪಟ್ಟರೆ ಮಂಪರು, ನಿಶ್ಶಕ್ತಿ. ಮೂತ್ರಪಿಂಡ ಕೆಟ್ಟವರಿಗೆ ಇನ್ನೂ ಕಡಿಮೆ ಪ್ರಮಾಣ ಸಾಕು. ಸ್ಟ್ರಿಪ್ ಮುಗಿಯಿತೆಂದು ಒಮ್ಮೆಲೇ ಬಿಟ್ಟರೆ ಫಿಟ್ಸ್, ಭ್ರಮೆ, ತೀವ್ರ ಜ್ವರ ಬರಬಹುದು. ಜಾತ್ರೆಗೋ ಮದುವೆಗೋ ಊರಿಗೆ ಹೋಗುವಾಗ ವಾರದ ಮಾತ್ರೆ ಹೆಚ್ಚಿಗೇ ಇಟ್ಟುಕೊಳ್ಳಲಿ.

ಒಂದೆರಡು ಸ್ನಾಯುಗಳಷ್ಟೇ ಬಿಗಿದಿದ್ದರೆ ಬೊಟುಲಿನಂ ಟಾಕ್ಸಿನ್ ಇಂಜೆಕ್ಷನ್ ಮೇಲು. ಕೆಲವು ದಿನಗಳಲ್ಲಿ ಹಿಡಿತ ಸಡಿಲಿ, ತಿಂಗಳ ಹೊತ್ತಿಗೆ ಪರಿಣಾಮ ಗರಿಷ್ಠವಾಗಿ, 3–4 ತಿಂಗಳಲ್ಲಿ ಇಳಿಯುತ್ತದೆ. ಆ ಅವಧಿಯಲ್ಲಿ ಸ್ಪ್ಲಿಂಟ್, ವ್ಯಾಯಾಮ ಇಲ್ಲದಿದ್ದರೆ ದುಡ್ಡು ದಂಡ. ಎಣ್ಣೆ ಹಚ್ಚಿ ಜಗ್ಗುವವರ ಕೈಗಂತೂ ಕೊಡಬೇಡಿ. ಲಕ್ವದ ಭುಜ ಸುಲಭವಾಗಿ ಜಾರುತ್ತದೆ.

ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಬಿಡುಗಡೆ ಚೀಟಿಯಲ್ಲಿ ಮೊಣಕೈ, ಮಣಿಕಟ್ಟು, ಪಾದಕ್ಕೆ ಆಶ್‌ವರ್ತ್ ಅಂಕ, ನಿಧಾನ–ವೇಗದ ಎರಡು ಕೋನ, ಮಾತ್ರೆಯ ಪ್ರಮಾಣ ಮತ್ತು ಮುಂದಿನ ಅಳತೆಯ ದಿನಾಂಕ ಬರೆಯುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ಸೂಚಿಸಬೇಕು. ನಾಲ್ಕು ಸಾಲಿನ ಕೆಲಸ.

– ಫಿಸಿಯೋಥೆರಪಿಸ್ಟರು, ದಾವಣಗೆರೆ